ಕಾರಿಗೆ ವ್ಯಾಕ್ಸ್ ಹಚ್ಚೋದು ಹೇಗೆ: ವಿಜಯಪುರ, ಬಾಗಲಕೋಟೆಯ ಬಿಸಿಲು, ಧೂಳು, ಸವಳು ನೀರಿಗೆ ತಕ್ಕ ವಿಧಾನ

ಕಾರಿಗೆ ವ್ಯಾಕ್ಸ್ ಹಚ್ಚಬೇಕಾ? ಹಚ್ಚಿದರೆ ಏನು ಲಾಭ? ಗೆರೆಗಳು ಹೋಗುತ್ತವಾ? ಹೊಸ ಕಾರು ತಂದವರೂ ಇದನ್ನೇ ಕೇಳುತ್ತಾರೆ, ಹತ್ತು ವರ್ಷದ ಹಳೇ ಕಾರು ಇರುವವರೂ ಇದನ್ನೇ ಕೇಳುತ್ತಾರೆ. ಎಲ್ಲೋ ದೂರದ ಊರಿನ ವಿಡಿಯೊ ನೋಡಿಕೊಂಡು ಹಚ್ಚಿದವರು "ಅವರ ಕಾರಿನಂಗ ನಮ್ಮದು ಬರಲಿಲ್ಲ" ಅಂತ ಬೇಸರ ಮಾಡಿಕೊಳ್ಳುತ್ತಾರೆ. ಬರೋದೂ ಇಲ್ಲ ಬಿಡಿ. ನಮ್ಮ ಕಡೆ ಬಿಸಿಲು ಬೇರೆ, ನೀರು ಬೇರೆ, ಧೂಳಂತೂ ಬೇರೆಯೇ. ಅದಕ್ಕೇ ಇದನ್ನು ಇಲ್ಲಿಯ ಲೆಕ್ಕದಲ್ಲಿ ಬರೆದಿದ್ದೇನೆ.

ಮೊದಲು, ವ್ಯಾಕ್ಸ್ ಏನು ಮಾಡುತ್ತದೆ?

ಇವತ್ತಿನ ಬಹುತೇಕ ಕಾರುಗಳಲ್ಲಿ ಬಣ್ಣದ ಮೇಲೆ ಇನ್ನೊಂದು ಪಾರದರ್ಶಕ ಪದರ ಇರುತ್ತದೆ. ಅದಕ್ಕೆ ಕ್ಲಿಯರ್ ಕೋಟ್ ಅನ್ನುತ್ತಾರೆ. ಕಾರಿನ ಹೊಳಪು ಇರೋದು ಇದರಲ್ಲೇ. ದಪ್ಪ ಸುಮಾರು 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಇಷ್ಟು ತೆಳುವಾದ ಪದರವನ್ನು ಒಮ್ಮೆ ಕಳೆದುಕೊಂಡರೆ ಮರಳಿ ಪೇಂಟ್ ಹೊಡೆಸದೆ ಬರುವುದಿಲ್ಲ.

ವ್ಯಾಕ್ಸ್ ಈ ಪದರದ ಮೇಲೆ ಕೂರುತ್ತದೆ. ಹಕ್ಕಿ ಹಿಕ್ಕೆ, ಸವಳು ನೀರು, ಹುಳು, ಗಿಡದ ಅಂಟು ಯಾವುದೇ ಬೀಳಲಿ, ಮೊದಲು ವ್ಯಾಕ್ಸನ್ನು ತಿನ್ನಬೇಕು, ಆಮೇಲೆ ಕ್ಲಿಯರ್ ಕೋಟಿಗೆ ಬರಬೇಕು. ಹೋಳಿ ಆಡುವ ಮುಂಚೆ ಮೈಗೆ ಎಣ್ಣೆ ಹಚ್ಚಿಕೊಳ್ಳುತ್ತೇವಲ್ಲ, ಲೆಕ್ಕ ಅದೇ. ಬಣ್ಣ ಬೀಳೋದು ತಪ್ಪುವುದಿಲ್ಲ, ತೊಳೆದಾಗ ಬೇಗ ಬಿಡುತ್ತದೆ.

ಇದರಿಂದ ಇನ್ನೂ ಒಂದು ಲಾಭ ಇದೆ, ಜಾಸ್ತಿ ಜನ ಗಮನಿಸುವುದಿಲ್ಲ. ವ್ಯಾಕ್ಸ್ ಹಚ್ಚಿದ ಮೈ ನುಣುಪಾಗಿರುತ್ತದೆ. ಧೂಳು ಅಂಟಿ ಕೂರುವುದು ಕಡಿಮೆ. ತೊಳೆಯುವಾಗ ತಿಕ್ಕುವುದು ಕಡಿಮೆ. ತಿಕ್ಕುವುದು ಕಡಿಮೆ ಆದಷ್ಟೂ ಗೆರೆ ಕಡಿಮೆ. ನನ್ನ ಪ್ರಕಾರ ನಮ್ಮ ಕಡೆ ವ್ಯಾಕ್ಸಿನ ದೊಡ್ಡ ಲಾಭ ಹೊಳಪಲ್ಲ, ಇದು.

ಈಗ ಅದು ಮಾಡದೇ ಇರುವ ಕೆಲಸ. ಗೆರೆ ತೆಗೆಯುವುದಿಲ್ಲ. ಕಲ್ಲು ಸಿಡಿದರೆ ತಡೆಯುವುದಿಲ್ಲ. ಬಿಸಿಲಿಗೆ ಸುಟ್ಟು ಬಿಳಿಚಿಕೊಂಡ ಬಾನೆಟ್ಟಿಗೆ ಜೀವ ತುಂಬುವುದಿಲ್ಲ. ಅಂಥ ಮಾತು ಹೇಳಿ ಮಾರಿದರೆ ನಂಬಬೇಡಿ. ಬಿಸಿಲಿನ ನೇರಳಾತೀತ ಕಿರಣ ತಡೆಯುವ ಕೆಲಸವನ್ನು ಮುಖ್ಯವಾಗಿ ಕ್ಲಿಯರ್ ಕೋಟೇ ಮಾಡುತ್ತದೆ, ವ್ಯಾಕ್ಸಿನ ಪಾಲು ಸಣ್ಣದು. ನೆರಳಿಗೆ ಬದಲು ವ್ಯಾಕ್ಸ್ ಅಂತ ಯಾರೂ ತಿಳಿಯಬಾರದು.

ಪಾಲಿಶ್, ವ್ಯಾಕ್ಸ್ ಎರಡೂ ಒಂದೇ ಅಲ್ಲ

ನಮ್ಮ ಊರುಗಳಲ್ಲಿ "ವ್ಯಾಕ್ಸ್ ಪಾಲಿಶ್" ಅಂತ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಅಲ್ಲಿಂದಲೇ ಗೊಂದಲ. ಪಾಲಿಶ್ ಅಥವಾ ರಬ್ಬಿಂಗ್ ಅಂದರೆ ಸಣ್ಣ ಅರದಂಥ ಪುಡಿ ಇರುವ ಪೇಸ್ಟಿನಿಂದ ಕ್ಲಿಯರ್ ಕೋಟನ್ನು ಸ್ವಲ್ಪ ಸವೆಸುವುದು. ಮೇಲಿನ ಗೆರೆಗಳು ಹೋಗಿ ಮಿಂಚುತ್ತದೆ, ಆದರೆ ಪದರವೂ ತೆಳುವಾಗುತ್ತದೆ. ವ್ಯಾಕ್ಸ್ ಏನನ್ನೂ ಸವೆಸುವುದಿಲ್ಲ, ಮೇಲೆ ಹಚ್ಚುವುದಷ್ಟೇ. ಗ್ಯಾರೇಜಿನಲ್ಲಿ ಪ್ರತಿ ಸರ್ವಿಸಿಂಗಿಗೂ ಮಷಿನ್ ಹಿಡಿದು ರಬ್ಬಿಂಗ್ ಮಾಡಿಸುವವರಿದ್ದಾರೆ. ಕೆಲವೇ ವರ್ಷಗಳಲ್ಲಿ ಅಂಚುಗಳಲ್ಲಿ ಕ್ಲಿಯರ್ ಕೋಟ್ ಮುಗಿದು ಹೋಗುತ್ತದೆ. ಗಾಡಿ ಒಳಗೆ ಬಿಡುವ ಮುಂಚೆ "ಸವೆಸ್ತೀರೋ, ಹಚ್ತೀರೋ?" ಅಂತ ನೇರವಾಗಿ ಕೇಳಿ.

ಯಾವ ವ್ಯಾಕ್ಸ್ ಕೊಳ್ಳಬೇಕು?

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಒಂದು ಕಾರ್ನೌಬಾ ವ್ಯಾಕ್ಸ್. ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆ ಗಿಡದ ಎಲೆಯಿಂದ ತೆಗೆಯುವ ಮೇಣ ಇದು. ಸುಮಾರು 82ರಿಂದ 86 ಡಿಗ್ರಿಗೆ ಕರಗುತ್ತದೆ. ಹೊಳಪು ಚೆನ್ನಾಗಿ ಬರುತ್ತದೆ, ಕಪ್ಪು, ಕೆಂಪು ಕಾರಿಗಂತೂ ಇನ್ನೂ ಚೆಂದ. ಇನ್ನೊಂದು ಸೀಲಂಟ್, ಅಂದರೆ ಪ್ರಯೋಗಾಲಯದಲ್ಲಿ ತಯಾರಾದ ಪಾಲಿಮರ್. ಹೊಳಪು ಒಂದು ಕೈ ಕಡಿಮೆ, ಆದರೆ ಬಾಳಿಕೆ ಜಾಸ್ತಿ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಆ ಬಿಸಿಲಿನಲ್ಲಿ ನಿಂತ ಕಪ್ಪು ಬಾನೆಟ್ 70 ಡಿಗ್ರಿ ಮುಟ್ಟಬಹುದು. ಕಾರ್ನೌಬಾ ಕರಗಿ ಹರಿಯುವುದಿಲ್ಲ ನಿಜ, ಆದರೆ ಬೇಗ ಸವೆಯುತ್ತದೆ. ಬಯಲಲ್ಲಿ ನಿಲ್ಲುವ ಕಾರಿಗೆ ಒಂದು, ಒಂದೂವರೆ ತಿಂಗಳು ಬಂದರೆ ಅದೇ ಹೆಚ್ಚು. ಸೀಲಂಟ್ ನಾಲ್ಕು ತಿಂಗಳ ಆಸುಪಾಸು ನಿಲ್ಲುತ್ತದೆ. ಹಾಗಾಗಿ ವಾರಕ್ಕೊಮ್ಮೆ ಕಾರು ಮುಟ್ಟಿ ಖುಷಿಪಡುವವರಾದರೆ ಕಾರ್ನೌಬಾ ತಗೊಳ್ಳಿ. ಉಳಿದವರಿಗೆಲ್ಲ ಸೀಲಂಟೇ ಸರಿ. ತೀರಾ ಅಗ್ಗದ ಡಬ್ಬಿಗಳಲ್ಲಿ ಒಂದು ಸಮಸ್ಯೆ: "ಕ್ಲೀನರ್ ವ್ಯಾಕ್ಸ್" ಅಂತ ಬರೆದಿದ್ದರೆ ಅದರಲ್ಲಿ ಸವೆಸುವ ಪುಡಿಯೂ ಸೇರಿರುತ್ತದೆ. ಹೊಸ ಕಾರಿಗೆ ಅದು ಬೇಡ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಎರಡು ಬಕೆಟ್, ಕಾರಿನ ಶಾಂಪೂ, ಕೈಗೆ ಹಾಕಿಕೊಂಡು ತೊಳೆಯುವ ಮೈಕ್ರೋಫೈಬರ್ ಕೈಚೀಲ, ಹಚ್ಚಲು ಒಂದು ಮೆತ್ತನೆ ಪ್ಯಾಡ್, ಐದಾರು ಮೈಕ್ರೋಫೈಬರ್ ಬಟ್ಟೆ, ಒಂದು ಕ್ಲೇ ಬಾರ್. ಬಟ್ಟೆ 300ರಿಂದ 400 ಜಿಎಸ್ಎಂ ಇರಲಿ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನೋದೇ ಈ ಜಿಎಸ್ಎಂ. ಹಳೇ ಬನಿಯನ್, ಲುಂಗಿ, ಧೋತರದ ತುಂಡು ಯಾವುದೂ ಬೇಡ. ಅವುಗಳ ಹೊಲಿಗೆಯಿಂದಲೇ ಗೆರೆ ಬೀಳುತ್ತದೆ.

ಹಂತ 1: ಜಾಗ ಮತ್ತು ಹೊತ್ತು

ಬೆಳಿಗ್ಗೆ ಆರಕ್ಕೆ ಶುರು ಮಾಡಿ, ಬಿಸಿಲೇರುವ ಮುಂಚೆ ಮುಗಿಸಿ. ನೆರಳು ಬೇಕೇ ಬೇಕು, ಆದರೆ ಬೇವಿನ ಗಿಡದ ಕೆಳಗಲ್ಲ. ಎಲೆ, ಹೂವು, ಹಕ್ಕಿ ಎಲ್ಲ ಮೇಲೇ ಬೀಳುತ್ತವೆ. ಗಾಳಿ ಬೀಸುವ ಸಂಜೆಯೂ ಬೇಡ, ಹಚ್ಚಿದ ವ್ಯಾಕ್ಸ್ ಮೇಲೆ ಎರೆ ಹೊಲದ ಧೂಳು ಕೂತರೆ ಒರೆಸುವಾಗ ಅದೇ ಉಜ್ಜುವ ಕಾಗದ ಆಗುತ್ತದೆ. ಬಾನೆಟ್ ಮೇಲೆ ಅಂಗೈ ಇಡಿ. ತಣ್ಣಗಿರಬೇಕು. ಈಗಷ್ಟೇ ಓಡಿಸಿ ತಂದಿದ್ದರೆ ಒಂದು ತಾಸು ಬಿಡಿ.

ಹಂತ 2: ತೊಳೆಯುವುದು

ವ್ಯಾಕ್ಸ್ ಕೆಟ್ಟು ಹೋಗುವುದು ಹಚ್ಚುವಾಗ ಅಲ್ಲ, ತೊಳೆಯುವಾಗ. ಈ ಹಂತಕ್ಕೆ ಅರ್ಧ ಸಮಯ ಕೊಡಿ ಅಂತ ಹೇಳುವುದು ಅದಕ್ಕೇ.

ಮೊದಲ ನಿಯಮ, ಒಣ ಕಾರನ್ನು ಒರೆಸಬೇಡಿ. ಬೆಳಿಗ್ಗೆ ಎದ್ದು ಒಣ ಬಟ್ಟೆಯಿಂದ ಧೂಳು ಝಾಡಿಸುವುದು ನಮ್ಮಲ್ಲಿ ಮನೆಮನೆಯ ರೂಢಿ. ಬಿಸಿಲಲ್ಲಿ ಕಾರಿನ ಮೈ ಮೇಲೆ ಜೇಡರ ಬಲೆಯಂತೆ ಸುತ್ತು ಗೆರೆ ಕಾಣುತ್ತವಲ್ಲ, ಅವುಗಳಲ್ಲಿ ಬಹುಪಾಲು ಹೀಗೇ ಬಿದ್ದವು. ಧೂಳೆಲ್ಲ ಒಂದೇ ಥರ ಇರುವುದಿಲ್ಲ. ಇಳಕಲ್ ಸುತ್ತ ಗ್ರಾನೈಟ್ ಕ್ವಾರಿಗಳ ಧೂಳು ಇರುತ್ತದೆ, ಗ್ರಾನೈಟಿನಲ್ಲಿರುವ ಬೆಣಚು ಪೇಂಟಿಗಿಂತ ಎಷ್ಟೋ ಗಟ್ಟಿ. ಲೋಕಾಪುರ, ಬಾಗಲಕೋಟೆ ಕಡೆ ಸುಣ್ಣದಕಲ್ಲು, ಸಿಮೆಂಟಿನ ಧೂಳು. ಅದರ ಮೇಲೆ ಇಬ್ಬನಿ ಬಿದ್ದರೆ ಹಿಡಿದು ಕೂರುತ್ತದೆ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆ ಚಿಮಣಿಯ ಕಪ್ಪು ಬೂದಿ. ಯಾವುದೇ ಇರಲಿ, ಮೊದಲು ನೀರು ಬಿಟ್ಟು ಇಳಿಸಿ, ಆಮೇಲೆ ಕೈ ಹಚ್ಚಿ.

ಎರೆ ಮಣ್ಣು ಮೆತ್ತಿದ್ದರೆ ಇನ್ನೂ ತಾಳ್ಮೆ ಬೇಕು. ಒಣಗಿದ ಮೇಲೆ ಅದು ಹೆಂಟೆ. ಚಕ್ರದ ಮೇಲಿನ ಕಮಾನು, ಬಾಗಿಲಿನ ಕೆಳಭಾಗ ನೆನೆಯಲು ಹತ್ತು ನಿಮಿಷ ಬಿಡಿ, ಆಮೇಲೆ ಪೈಪಿನ ಜೋರಿಗೆ ಬೀಳಿಸಿ. ಉಗುರಿನಿಂದ, ಕಡ್ಡಿಯಿಂದ ಕೀಳಬೇಡಿ.

ಒಂದು ಬಕೆಟ್ಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಕೈಚೀಲವನ್ನು ಶಾಂಪೂವಿನಲ್ಲಿ ಅದ್ದಿ ಒಂದು ಬಾಗಿಲು ತೊಳೆಯಿರಿ, ಬರೀ ನೀರಿನಲ್ಲಿ ಜಾಲಾಡಿ ಹಿಂಡಿ, ಮತ್ತೆ ಶಾಂಪೂ. ಮಣ್ಣು ಎರಡನೇ ಬಕೆಟ್ಟಿನಲ್ಲಿ ಉಳಿಯುತ್ತದೆ, ಕಾರಿಗೆ ವಾಪಸ್ ಹೋಗುವುದಿಲ್ಲ. ಮೇಲಿನಿಂದ ಕೆಳಗೆ ಬನ್ನಿ. ಚಕ್ರ ಕೊನೆಗೆ, ಅದಕ್ಕೆ ಬೇರೆ ಬಟ್ಟೆ. ಬಟ್ಟೆ ಒಗೆಯುವ ಪುಡಿ, ಪಾತ್ರೆ ಸೋಪು ಹಾಕಬೇಡಿ. ಎಣ್ಣೆ ಜಿಡ್ಡು ತೆಗೆಯಲೆಂದೇ ಮಾಡಿದ ಅವು ವ್ಯಾಕ್ಸನ್ನೂ ತೆಗೆಯುತ್ತವೆ.

ಇನ್ನು ನೀರು. ನಮ್ಮ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಹೇರಳ. ಹನಿ ಒಣಗಿದರೆ ನೀರು ಹಾರಿ ಹೋಗುತ್ತದೆ, ಲವಣ ಬಿಳಿ ಚುಕ್ಕೆಯಾಗಿ ಕೂರುತ್ತದೆ. ಬಿಸಿಲಿಗೆ ಸುಟ್ಟರೆ ಆ ಚುಕ್ಕೆ ಕ್ಲಿಯರ್ ಕೋಟಿಗೇ ಅಚ್ಚು ಒತ್ತುತ್ತದೆ. ಸಾಧ್ಯವಾದರೆ ನಳಕ್ಕೆ ನದಿ ನೀರು ಬಿಡುವ ದಿನವೇ ಕಾರು ತೊಳೆಯಿರಿ. ಅಥವಾ ಬೋರ್ ನೀರಿನಲ್ಲಿ ತೊಳೆದು, ಕೊನೆಯ ಒಂದೆರಡು ಬಕೆಟ್ ಮಾತ್ರ ನದಿ ನೀರು ಇಲ್ಲವೇ ಹಿಡಿದಿಟ್ಟ ಮಳೆನೀರು ಸುರಿಯಿರಿ. ಅಷ್ಟು ಮಾಡಿದರೂ ವ್ಯತ್ಯಾಸ ಕಾಣುತ್ತದೆ. ತೊಳೆದ ಕೂಡಲೇ ಒರೆಸಿ, ತಾನಾಗಿ ಒಣಗಲು ಬಿಡಬೇಡಿ.

ಮನೆಯ ಆರ್‌ಓ ಮಷಿನ್ ಹೊರಗೆ ಬಿಡುವ ನೀರು ವ್ಯರ್ಥ ಆಗುತ್ತದೆ ಅಂತ ಅದರಲ್ಲಿ ಕಾರು ತೊಳೆಯುವವರಿದ್ದಾರೆ. ಉಳಿತಾಯದ ಮನಸ್ಸು ಒಳ್ಳೆಯದೇ. ಆದರೆ ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಆ ನೀರಿಗೇ ಸೇರಿರುತ್ತದೆ, ಅದು ಬೋರ್ ನೀರಿಗಿಂತಲೂ ಸವಳು. ಅಂಗಳ ತೊಳೆಯಲು ಬಳಸಿ, ಕಾರಿಗೆ ಬೇಡ.

ಹಂತ 3: ಅಂಟಿದ್ದನ್ನು ತೆಗೆಯುವುದು

ತೊಳೆದ ಕಾರಿನ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಮೆಲ್ಲಗೆ ಸವರಿ. ಬರಿಗೈಗೆ ತಿಳಿಯದ ತರಿ ಆಗ ತಿಳಿಯುತ್ತದೆ. ಗಾಜಿನಂತೆ ನುಣುಪಾಗಿದ್ದರೆ ಈ ಹಂತ ಬಿಟ್ಟುಬಿಡಿ. ತರಿತರಿ ಅನಿಸಿದರೆ ಕ್ಲೇ ಬಾರ್ ಬೇಕು. ಅದು ಮಕ್ಕಳು ಆಡುವ ಮೆತ್ತನೆ ಜೇಡಿಯಂಥ ಉಂಡೆ. ಪೇಂಟಿನ ಮೇಲೆ ಸಿಕ್ಕಿಕೊಂಡ ಕಣಗಳನ್ನು ಎಳೆದುಕೊಳ್ಳುತ್ತದೆ.

ಮೈಯನ್ನು ಶಾಂಪೂ ನೀರಿನಿಂದ ಚೆನ್ನಾಗಿ ತೋಯಿಸಿ, ಕ್ಲೇಯನ್ನು ಬಿಲ್ಲೆ ಮಾಡಿ, ಒತ್ತದೆ ಹಿಂದೆ ಮುಂದೆ ಜಾರಿಸಿ. ಒಣ ಮೈ ಮೇಲೆ ಎಳೆದರೆ ಗೆರೆ ಗ್ಯಾರಂಟಿ. ಕೊಳೆ ಕಂಡಾಗ ಮಡಚಿ ಹೊಸ ಮುಖ ಮಾಡಿಕೊಳ್ಳಿ. ಕೆಳಗೆ ಬಿದ್ದರೆ ಎಸೆಯಿರಿ. ದುಬಾರಿ ಅನಿಸಿದರೂ ಎಸೆಯಿರಿ. ವರ್ಷಕ್ಕೆ ಒಂದೆರಡು ಸಲ ಸಾಕು, ಕಾರ್ಖಾನೆ ಹತ್ತಿರ ಮನೆ ಇರುವವರಿಗೆ ಇನ್ನೊಂದು ಸಲ ಬೇಕಾಗಬಹುದು.

ಬಿಳಿ ನೀರಿನ ಚುಕ್ಕೆಗೆ ಕ್ಲೇ ನಾಟುವುದಿಲ್ಲ. ಬಿಳಿ ವಿನೆಗರ್‌ಗೆ ಅಷ್ಟೇ ಶುದ್ಧ ನೀರು ಸೇರಿಸಿ, ಬಟ್ಟೆ ಅದ್ದಿ, ಚುಕ್ಕೆಯ ಮೇಲೆ ಒಂದು ನಿಮಿಷ ಇಟ್ಟು ಒರೆಸಿ, ಕೂಡಲೇ ನೀರು ಹಾಕಿ. ಒಣಗಲು ಬಿಡಬೇಡಿ. ಇದು ಹಳೇ ವ್ಯಾಕ್ಸನ್ನೂ ತೆಗೆದುಬಿಡುತ್ತದೆ, ಹಾಗಾಗಿ ಹೊಸದು ಹಚ್ಚುವ ಮುಂಚೆಯೇ ಮಾಡಬೇಕಾದ ಕೆಲಸ. ಡಾಂಬರಿನ ಚುಕ್ಕೆಗೆ ಟಾರ್ ರಿಮೂವರ್ ಸಿಗುತ್ತದೆ. ಪೆಟ್ರೋಲ್ ಮುಟ್ಟಬೇಡಿ. ಇಡೀ ಕಾರಿಗೆ ಸೀಮೆಎಣ್ಣೆ, ಡೀಸೆಲ್ ಒರೆಸಿ ಹೊಳಪಿಸುವ ಹಳೇ ಡ್ರೈವರ್‌ಗಳ ಚಾಲಾಕಿಯೂ ಬೇಡ. ಒಂದು ದಿನ ಮಿಂಚುತ್ತದೆ, ಮರುದಿನ ದಾರಿಯ ಧೂಳನ್ನೆಲ್ಲ ಎಳೆದುಕೊಂಡು ಕೂರುತ್ತದೆ.

ಹಂತ 4: ಹಚ್ಚುವುದು

ಕಪ್ಪು ಪ್ಲಾಸ್ಟಿಕ್ ಪಟ್ಟಿ, ರಬ್ಬರ್ ಬೀಡಿಂಗ್ ಮೇಲೆ ವ್ಯಾಕ್ಸ್ ತಾಗಿದರೆ ಬಿಳಿ ಕಲೆ ಉಳಿಯುತ್ತದೆ, ಸುಲಭಕ್ಕೆ ಹೋಗುವುದಿಲ್ಲ. ಮೊದಲೇ ಅಂಟುಪಟ್ಟಿ ಹಚ್ಚಿ ಮುಚ್ಚಿಬಿಡಿ. ಮುಂದಿನ ಗಾಜಿಗೆ ಹಚ್ಚಬೇಡಿ, ವೈಪರ್ ಓಡಿದಾಗ ಮಬ್ಬಾಗಿ ರಾತ್ರಿ ಎದುರಿನ ಲೈಟು ಹರಡುತ್ತದೆ. ಮ್ಯಾಟ್, ಅಂದರೆ ಹೊಳಪಿಲ್ಲದ ಬಣ್ಣದ ಕಾರಿಗೆ ಮಾಮೂಲಿ ವ್ಯಾಕ್ಸ್ ಬೇಡವೇ ಬೇಡ.

ಪ್ಯಾಡನ್ನು ಸ್ವಲ್ಪ ಒದ್ದೆ ಮಾಡಿ ಹಿಂಡಿ. ಐದು ರೂಪಾಯಿ ನಾಣ್ಯದಷ್ಟು ವ್ಯಾಕ್ಸ್ ತಗೊಳ್ಳಿ, ಅರ್ಧ ಬಾನೆಟ್ಟಿಗೆ ಅದು ಸಾಕು. ತೆಳುವಾಗಿ ಹರಡಿ. ನಾಲ್ಕು ಕಾಸು ಜಾಸ್ತಿ ಹಚ್ಚಿದರೆ ಜಾಸ್ತಿ ಬಾಳುತ್ತದೆ ಅಂತ ಎಲ್ಲರಿಗೂ ಅನಿಸುತ್ತದೆ. ಪೇಂಟು ಹಿಡಿಯುವಷ್ಟನ್ನೇ ಹಿಡಿಯುತ್ತದೆ, ಮಿಕ್ಕಿದ್ದೆಲ್ಲ ನಿಮ್ಮ ಬಟ್ಟೆಗೆ, ನಿಮ್ಮ ರಟ್ಟೆಗೆ. ಸುತ್ತಾಗಿ ತಿರುಗಿಸಬೇಕೋ, ನೇರ ಎಳೆಯಬೇಕೋ ಅನ್ನೋ ವಾದ ಬಿಡಿ. ಒತ್ತಬೇಡಿ, ಜಾಗ ಬಿಟ್ಟು ಹೋಗದಂತೆ ನೋಡಿ, ಸಾಕು.

ಡಬ್ಬಿ ಮೇಲೆ "ಇಡೀ ಕಾರಿಗೆ ಹಚ್ಚಿ, ಆಮೇಲೆ ಒರೆಸಿ" ಅಂತ ಬರೆದಿರಬಹುದು. ನಮ್ಮ ಬೇಸಿಗೆಗೆ ಅದು ಹೊಂದುವುದಿಲ್ಲ. ಒಂದು ಬಾಗಿಲು ಹಚ್ಚಿ, ಅದನ್ನೇ ಒರೆಸಿ, ಮುಂದಿನದಕ್ಕೆ ಹೋಗಿ.

ಹಂತ 5: ಒರೆಸುವುದು

ಹಚ್ಚಿದ ಮೇಲೆ ಮಂಜಿನಂಥ ಬಿಳಿ ಪೊರೆ ಕಾಣುತ್ತದೆ. ತುದಿಬೆರಳಿನಿಂದ ಒಂದು ಗೀಟು ಎಳೆಯಿರಿ. ಅಲ್ಲಿ ಸ್ವಚ್ಛವಾಗಿ ಪೇಂಟು ಕಂಡರೆ ಒರೆಸುವ ಹೊತ್ತು ಬಂದಿದೆ. ಮಸಿಮಸಿಯಾಗಿ ಎಳೆದುಕೊಂಡರೆ ಇನ್ನೂ ಕಾಯಿರಿ. ಚಳಿಗಾಲದಲ್ಲಿ ಹತ್ತು ನಿಮಿಷ ಹಿಡಿಯಬಹುದು, ಮೇ ತಿಂಗಳಲ್ಲಿ ಎರಡು ಮೂರು ನಿಮಿಷಕ್ಕೇ ತಯಾರು. ಗಡಿಯಾರ ನಂಬಬೇಡಿ, ಬೆರಳು ನಂಬಿ.

ಒಂದು ಬಟ್ಟೆಯಿಂದ ಪೊರೆ ತೆಗೆಯಿರಿ, ಇನ್ನೊಂದರಿಂದ ಹಗುರಾಗಿ ಹೊಳಪು ಕೊಡಿ. ಮರೆತು ಗಟ್ಟಿಯಾಗಿ ಹಿಡಿದುಕೊಂಡರೆ ಜೋರಾಗಿ ತಿಕ್ಕಲು ಹೋಗಬೇಡಿ. ಅದರ ಮೇಲೇ ಹೊಸ ವ್ಯಾಕ್ಸ್ ತೆಳುವಾಗಿ ಸವರಿ, ಹಳೆಯದು ಮೆತ್ತಗಾಗುತ್ತದೆ, ಆಗ ಎರಡನ್ನೂ ಒಟ್ಟಿಗೆ ಒರೆಸಿ. ಬಟ್ಟೆ ನೆಲಕ್ಕೆ ಬಿದ್ದರೆ ಅದರ ಕೆಲಸ ಅವತ್ತಿಗೆ ಮುಗಿಯಿತು.

ಕೆಂಪು ಕಾರು ಒರೆಸುವಾಗ ಬಟ್ಟೆಯೂ ಕೆಂಪಾದರೆ ಗಾಬರಿ ಬೇಡ. ಕೆಲವು ಹಳೇ ಗಾಡಿಗಳಿಗೆ ಕ್ಲಿಯರ್ ಕೋಟೇ ಇರುವುದಿಲ್ಲ, ಮೇಲೆ ಇರುವುದೇ ಬಣ್ಣ. ಅಂಥ ಗಾಡಿಗೆ ವ್ಯಾಕ್ಸ್ ಇನ್ನೂ ಅವಶ್ಯ. ಹೊಸ ಗಾಡಿಯಲ್ಲಿ ಹೀಗಾದರೆ ಮಾತ್ರ ಆ ಜಾಗದಲ್ಲಿ ಕ್ಲಿಯರ್ ಕೋಟ್ ಸವೆದಿದೆ ಅಂತ ಅರ್ಥ.

ಎರಡನೇ ಕೈ ಹಚ್ಚಬಹುದು, ಕೆಲವು ತಾಸು ಬಿಟ್ಟು. ಬಿಟ್ಟುಹೋದ ಜಾಗ ತುಂಬುತ್ತದೆ. ಮೂರನೆಯದು ಸುಮ್ನೆ ದಂಡ. ಸೀಲಂಟ್ ಆದರೆ ಹಿಡಿಯಲು ಹೊತ್ತು ಬೇಕು, ಡಬ್ಬಿ ಮೇಲೆ ಹೇಳಿದಷ್ಟು ತಾಸು ನೀರು ತಾಗದಂತೆ ನೋಡಿಕೊಳ್ಳಿ.

ವರ್ಷದಲ್ಲಿ ಯಾವಾಗ?

ತಿಂಗಳ ಲೆಕ್ಕಕ್ಕಿಂತ ನಮ್ಮ ಹಬ್ಬ, ಮಳೆಯ ಲೆಕ್ಕ ಹಿಡಿಯಿರಿ. ಸೀಲಂಟ್ ಬಳಸುವವರಿಗೆ ಮೂರು ಸಲ ಸಾಕು.

ಮೊದಲನೆಯದು ಖಂಡೇನವಮಿಗೆ ಎರಡು ಮೂರು ದಿನ ಮುಂಚೆ. ಗಾಡಿ ಪೂಜೆಯ ದಿನ ಬಾನೆಟ್ ಮೇಲೆ ಕುಂಕುಮ, ಅರಿಷಿಣ, ವಿಭೂತಿ, ನಿಂಬೆಹಣ್ಣಿನ ರಸ ಎಲ್ಲ ಬೀಳುತ್ತದೆ. ಕೆಲವು ಕುಂಕುಮದ ಬಣ್ಣ ಒದ್ದೆಯಾದರೆ ಬಿಳಿ ಕಾರಿಗೆ ಗುಲಾಬಿ ಕಲೆ ಕೂರಿಸುತ್ತದೆ. ನಿಂಬೆ ಹುಳಿ, ಅದು ಆಮ್ಲ. ಪೂಜೆಗೆ ತೊಂದರೆ ಇಲ್ಲ, ಸಂಜೆಗೆ ನೀರು ಹಾಕಿ ತೊಳೆದುಬಿಡಿ. ಕರ್ಪೂರವನ್ನು ಮಾತ್ರ ತಟ್ಟೆಯಲ್ಲೇ ಹಚ್ಚಿ, ಬಾನೆಟ್ ಮೇಲೆ ಬೇಡ. ಹೂವಿನ ಹಾರದ ತಂತಿ ಪೇಂಟಿಗೆ ತಾಗದಂತೆ ಕಟ್ಟಿ.

ಎರಡನೆಯದು ಹೋಳಿಗೆ ಮುಂಚೆ. ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬ್ಯಾರಲ್ ಬ್ಯಾರಲ್ ಬಣ್ಣ ತುಂಬಿಕೊಂಡು ಬಂಡಿಗಳು ಬೀದಿಗೆ ಬರುವ ಊರು. ಆ ದಿನಗಳಲ್ಲಿ ಕಾರು ಒಳಗಿಡುವುದೇ ಜಾಣತನ. ಆದರೂ ಬಿದ್ದರೆ ಒಣಗುವ ಮುಂಚೆ ನೀರು ಸುರಿಯಿರಿ.

ಮೂರನೆಯದು ಮೇ ಕೊನೆಗೆ, ಮಿರಗದ ಮಳೆ ಹಿಡಿಯುವ ಮುಂಚೆ. ಬೆಳಗಾವಿ, ಖಾನಾಪುರ ಕಡೆ ಮಳೆ ನಮಗಿಂತ ಎಷ್ಟೋ ಜಾಸ್ತಿ. ಅಲ್ಲಿಯವರು ಮಳೆಗಾಲದ ನಡುವೆ ಬಿಸಿಲು ಬಿದ್ದಾಗ ಇನ್ನೊಂದು ಕೈ ಹಚ್ಚಿದರೆ ಒಳ್ಳೆಯದು.

ವ್ಯಾಕ್ಸ್ ಇನ್ನೂ ಇದೆಯೋ ಇಲ್ಲವೋ ಅಂತ ನೋಡಲು ತೊಳೆದ ಬಾನೆಟ್ ಮೇಲೆ ನೀರು ಚಿಮುಕಿಸಿ. ಮುತ್ತಿನಂತೆ ದುಂಡಗೆ ನಿಂತರೆ ಇದೆ. ಹರಡಿಕೊಂಡು ಸೋಮಾರಿಯಂತೆ ಮಲಗಿದರೆ ಮುಗಿದಿದೆ.

ಪದೇ ಪದೇ ಬರುವ ಇನ್ನಷ್ಟು ಪ್ರಶ್ನೆಗಳು

ಹೊಸ ಕಾರಿಗೆ ಕೂಡಲೇ ಹಚ್ಚಬಹುದಾ? ಹಚ್ಚಬಹುದು. ಕಾರ್ಖಾನೆಯಲ್ಲಿ ಪೇಂಟನ್ನು ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸಿರುತ್ತಾರೆ, ಅದು ಪೂರ್ತಿ ಗಟ್ಟಿಯಾಗಿಯೇ ಹೊರಗೆ ಬರುತ್ತದೆ. ಅಪಘಾತ ಆಗಿ ಊರಿನ ಗ್ಯಾರೇಜಿನಲ್ಲಿ ಪೇಂಟ್ ಹೊಡೆಸಿದ್ದರೆ ಮಾತು ಬೇರೆ. ಅಲ್ಲಿ ಅಷ್ಟು ಶಾಖ ಕೊಡಲು ಆಗುವುದಿಲ್ಲ, ಒಳಗಿನ ತಿನ್ನರ್ ಹಾರಿಹೋಗಲು ವಾರಗಟ್ಟಲೆ ಬೇಕು. ಕನಿಷ್ಠ ಒಂದು ತಿಂಗಳು, ಸಾಧ್ಯವಾದರೆ ಎರಡು ತಿಂಗಳು ಬಿಟ್ಟು ಹಚ್ಚಿ.

ಹಕ್ಕಿ ಹಿಕ್ಕೆ ಬಿದ್ದರೆ? ವ್ಯಾಕ್ಸ್ ಇದೆ ಅಂತ ಸುಮ್ಮನೆ ಕೂರಬೇಡಿ. ಬೇಸಿಗೆಯಲ್ಲಿ ಕೆಲವೇ ತಾಸಿನಲ್ಲಿ ಅದು ಪೇಂಟಿಗೆ ಗುರುತು ಬಿಡುತ್ತದೆ. ಡಿಕ್ಕಿಯಲ್ಲಿ ಒಂದು ನೀರಿನ ಬಾಟಲಿ, ಒಂದು ಬಟ್ಟೆ ಇಟ್ಟಿರಿ. ಒದ್ದೆ ಬಟ್ಟೆಯನ್ನು ಅದರ ಮೇಲೆ ಎರಡು ನಿಮಿಷ ಹಾಕಿ, ನೆನೆದ ಮೇಲೆ ಎತ್ತಿ ತೆಗೆಯಿರಿ.

ಕವರ್ ಹಾಕಿದರೆ ಸಾಲದಾ? ಧೂಳು ಹಿಡಿದ ಕಾರಿಗೆ ಕವರ್ ಹಾಕಿದರೆ ಗಾಳಿಗೆ ಕವರ್ ಅಲ್ಲಾಡಿ ಅಲ್ಲಾಡಿ ಅದೇ ಗೆರೆ ಹಾಕುತ್ತದೆ. ತೊಳೆದ ಕಾರಿಗೆ ಮಾತ್ರ ಕವರ್.

ಟೂತ್‌ಪೇಸ್ಟ್ ಹಚ್ಚಿದರೆ ಗೆರೆ ಹೋಗುತ್ತಂತೆ, ನಿಜವಾ? ಅದರಲ್ಲೂ ಸವೆಸುವ ಪುಡಿ ಇರುತ್ತದೆ. ಗೆರೆಯ ಅಂಚು ಸವೆದು ಕಾಣದಂತಾಗಬಹುದು, ಸುತ್ತ ಮಂಕಾದ ಮಚ್ಚೆ ಉಳಿಯುತ್ತದೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆ ಆದರೆ ಪೇಂಟರ್ ಹತ್ತಿರವೇ ಹೋಗಬೇಕು.

ವಾಷಿಂಗ್ ಸೆಂಟರ್‌ಗೆ ಕೊಡಬಹುದಾ? ಕೊಡಿ, ಆದರೆ ಎರಡು ಮಾತು ಹೇಳಿ ಕೊಡಿ. ಫೋಮ್ ಜೋರಾದ ಕ್ಷಾರದ್ದಾದರೆ ವ್ಯಾಕ್ಸ್ ಬೇಗ ಹೋಗುತ್ತದೆ, ಕಾರಿನ ಶಾಂಪೂವನ್ನೇ ಹಾಕಲು ಹೇಳಿ. ಟ್ರ್ಯಾಕ್ಟರ್ ಒರೆಸಿದ ಬಟ್ಟೆ ನಿಮ್ಮ ಕಾರಿಗೆ ಬರಬಾರದು, ಮನೆಯಿಂದಲೇ ಬಟ್ಟೆ ಒಯ್ಯಿರಿ. ಅವರು ನಗಬಹುದು, ನಗಲಿ.

ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಇದೆಲ್ಲ ತಪ್ಪುತ್ತದಾ? ಸೆರಾಮಿಕ್ ಕೋಟಿಂಗ್ ಅಂದರೆ ಸಿಲಿಕಾ ಆಧಾರದ ಗಟ್ಟಿ ಪದರ, ವರ್ಷಗಟ್ಟಲೆ ಬಾಳುತ್ತದೆ. ವ್ಯಾಕ್ಸ್ ಹಚ್ಚುವುದು ತಪ್ಪುತ್ತದೆ, ತೊಳೆಯುವ ಶಿಸ್ತು ತಪ್ಪುವುದಿಲ್ಲ. ಅದರ ಮೇಲೂ ಸವಳು ನೀರಿನ ಚುಕ್ಕೆ ಕೂರುತ್ತವೆ. ಬಯಲಲ್ಲಿ ನಿಲ್ಲುವ, ಬೋರ್ ನೀರಿನಲ್ಲಿ ತೊಳೆಯುವ ಕಾರಾದರೆ ಆ ದುಡ್ಡಿನಲ್ಲಿ ಮೊದಲು ಒಂದು ತಗಡಿನ ಶೆಡ್ ಹಾಕಿಸಿ. ನೆರಳಿಗಿಂತ ಒಳ್ಳೆಯ ಕೋಟಿಂಗ್ ಈ ಕಡೆ ನಾನು ಕಂಡಿಲ್ಲ.

ಉಳಿದ ವ್ಯಾಕ್ಸ್ ಏನು ಮಾಡಬೇಕು? ಮುಚ್ಚಳ ಬಿಗಿ ಮಾಡಿ ಮನೆಯೊಳಗೆ ತಂಪಾದ ಕಡೆ ಇಡಿ. ಡಿಕ್ಕಿಯಲ್ಲಿ ಬಿಟ್ಟರೆ ಬೇಸಿಗೆಯ ಕಾವಿಗೆ ಒಣಗಿಯೋ ಒಡೆದೋ ಹಾಳಾಗುತ್ತದೆ. ಬಳಸಿದ ಮೈಕ್ರೋಫೈಬರ್ ಬಟ್ಟೆಗಳನ್ನು ಮನೆಬಟ್ಟೆಯ ಜೊತೆ ಹಾಕದೆ ಬೇರೆಯಾಗಿ, ದ್ರವ ಸೋಪಿನಲ್ಲಿ ಒಗೆದು ನೆರಳಲ್ಲಿ ಒಣಗಿಸಿ. ಧೂಳು ಹತ್ತದಂತೆ ಚೀಲದಲ್ಲಿ ಕಟ್ಟಿಡಿ.